‘ದ್ರೋಹ’ ಎಂದಾಗ ಕೇಳಬೇಕಾದ ಪ್ರಶ್ನೆ: ಯಾರಿಗೆ?

ಪ್ರಶ್ನೆ: ನಾನು ಬರೆದ ಕಥೆಯಲ್ಲಿ, ಇಪ್ಪತ್ತು ವರ್ಷ ಒಂದೇ ಮಂಡಿಯಲ್ಲಿ ಲೆಕ್ಕ ಬರೆದ ಗುಮಾಸ್ತನೊಬ್ಬ ಒಂದು ದಿನ ಧಣಿಯ ಎದುರಾಳಿಯ ಮಂಡಿಗೆ ಹೋಗಿ ಸೇರಿಕೊಳ್ಳುತ್ತಾನೆ. ‘ಅವನು ಧಣಿಗೆ ದ್ರೋಹ ಮಾಡಿದ’ ಎಂದು ಬರೆದಿದ್ದೆ. ಓದಿದವರೊಬ್ಬರು ‘ದ್ರೋಹ ಅನ್ನೋದು ಅತಿಯಾಯಿತು, ನಿಷ್ಠೆ ತಪ್ಪಿದ ಅನ್ನಿ’ ಎಂದರು. ಇವೆರಡಕ್ಕೂ ಅಷ್ಟೊಂದು ವ್ಯತ್ಯಾಸವಿದೆಯೇ? ವಂಚನೆ, ವಿಶ್ವಾಸಘಾತ, ಕೃತಘ್ನತೆ, ಎರಡು ಬಗೆಯುವುದು ಇವೆಲ್ಲ ಒಂದೇ ಅಲ್ಲವೇ? ನಮ್ಮ ಹಳೆಯ ಸಾಹಿತ್ಯದಲ್ಲಿ ಇವು ಹೇಗೆ ಬಳಕೆಯಾಗಿವೆ?

ಉತ್ತರ: ಒಂದೇ ಅಲ್ಲ. ವ್ಯತ್ಯಾಸ ಚಿಕ್ಕದೂ ಅಲ್ಲ. ನಿಮ್ಮ ಗುಮಾಸ್ತನ ವಿಷಯಕ್ಕೆ ಕೊನೆಯಲ್ಲಿ ಬರೋಣ. ಅದಕ್ಕೂ ಮೊದಲು ಪದವನ್ನು ಸ್ವಲ್ಪ ಬಿಚ್ಚಿ ನೋಡಬೇಕು.

‘ದ್ರೋಹ’ ಸಂಸ್ಕೃತದ ‘ದ್ರುಹ್’ ಧಾತುವಿನಿಂದ ಬಂದದ್ದು. ಸಂಸ್ಕೃತ ಧಾತುಗಳ ಹಳೆಯ ಪಟ್ಟಿಯಾದ ಧಾತುಪಾಠ ಇದಕ್ಕೆ ಕೊಡುವ ಅರ್ಥ ‘ಜಿಘಾಂಸಾ’, ಅಂದರೆ ಕೊಲ್ಲುವ ಅಥವಾ ಕೇಡು ಮಾಡುವ ಬಯಕೆ. ಗಮನಿಸಿ, ಅಲ್ಲಿ ನಂಬಿಕೆಯ ಮಾತಿಲ್ಲ, ಒಡೆಯನ ಮಾತಿಲ್ಲ, ಉಪ್ಪಿನ ಋಣದ ಮಾತಿಲ್ಲ. ಮನಸ್ಸಿನೊಳಗೆ ಕುದಿಯುವ ಹಗೆ ಇದೆ, ಅಷ್ಟೇ. ವೇದದಲ್ಲಿ ‘ದ್ರುಹ್’ ಎಂದರೆ ಕೇಡು, ಮೋಸ, ಕೇಡಿನ ಶಕ್ತಿ. ಇರಾನಿನ ಪ್ರಾಚೀನ ಧರ್ಮಗ್ರಂಥ ಅವೆಸ್ತಾದಲ್ಲಿ ಸುಳ್ಳಿನ ಶಕ್ತಿಗೆ ಹೆಸರಾದ ‘ದ್ರುಜ್’ ಇದರ ದಾಯಾದಿ ಪದ.

ಈ ಹಳೆಯ ಅರ್ಥ ಸಂಸ್ಕೃತದಲ್ಲಿ ಬಹುಕಾಲ ಉಳಿದಿತ್ತು. ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀ ಗುಣಗಳ ಪಟ್ಟಿ ಬರುತ್ತದಲ್ಲ, ಅದರ ಮೂರನೆಯ ಶ್ಲೋಕದಲ್ಲಿ ‘ಅದ್ರೋಹ’ ಇದೆ. ಅದನ್ನು ‘ನಿಷ್ಠೆ’ ಎಂದು ಕನ್ನಡಿಸಿದರೆ ತಪ್ಪಾಗುತ್ತದೆ. ಯಾರಿಗೂ ಕೇಡು ಬಯಸದಿರುವುದು ಎಂಬುದೇ ಅದರ ಅರ್ಥ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಎರಡನೆಯ ಶ್ಲೋಕ ಇನ್ನೂ ಸ್ಪಷ್ಟ. ಜೀವಿಗಳಿಗೆ ‘ಅದ್ರೋಹ’ದಿಂದ, ಆಗದಿದ್ದರೆ ‘ಅಲ್ಪದ್ರೋಹ’ದಿಂದ ಜೀವನೋಪಾಯ ನಡೆಸಬೇಕು ಎನ್ನುತ್ತದೆ ಅದು. ಇಂದಿನ ಕನ್ನಡದ ಕಿವಿಗೆ ‘ಅಲ್ಪದ್ರೋಹ’ ನಗೆ ತರಿಸುತ್ತದೆ. ಸ್ವಲ್ಪ ದ್ರೋಹ, ಜಾಸ್ತಿ ದ್ರೋಹ ಎಂದು ನಾವು ಅಳೆಯುವುದಿಲ್ಲ. ಆದರೆ ಅಲ್ಲಿ ‘ಅಲ್ಪ ಹಿಂಸೆ’ ಎಂಬಷ್ಟೇ ಅರ್ಥ ಇರುವುದರಿಂದ ಅಳತೆ ಸಾಧ್ಯವಾಗಿದೆ. ಹಳೆಯ ಸಂಸ್ಕೃತ ಪಠ್ಯ ಅನುವಾದಿಸುವವರು ಎಡವುವ ಜಾಗ ಇದು. ಪದ ನಮಗೆ ಪರಿಚಿತ ಎಂಬ ಧೈರ್ಯದಿಂದ ಹಾಗೇ ಉಳಿಸಿಬಿಡುತ್ತಾರೆ, ಓದುಗರಿಗೆ ಬೇರೆಯದೇ ಅರ್ಥ ತಲುಪುತ್ತದೆ.

ಹಾಗಿದ್ದರೆ ‘ನಂಬಿದವರಿಗೆ ಕೇಡು’ ಎಂಬ ಅರ್ಥ ಎಲ್ಲಿಂದ ಹತ್ತಿಕೊಂಡಿತು? ಒಂದು ಸುಳಿವು ವ್ಯಾಕರಣದಲ್ಲೇ ಇದೆ. ಪಾಣಿನಿಯ ಸೂತ್ರವೊಂದು (1.4.37) ಕೋಪ, ದ್ರೋಹ, ಈರ್ಷ್ಯೆ, ಅಸೂಯೆ ಈ ಅರ್ಥದ ಧಾತುಗಳು ಬಂದಾಗ ಯಾರ ಮೇಲೆ ಕೋಪವೋ ಅವರು ‘ಸಂಪ್ರದಾನ’, ಅಂದರೆ ಚತುರ್ಥೀ ವಿಭಕ್ತಿ ಎಂದು ವಿಧಿಸುತ್ತದೆ. ದ್ರೋಹ ಯಾರ‘ನ್ನು’ ಅಲ್ಲ, ಯಾರಿ‘ಗೆ’. ಕೊಡುವುದಕ್ಕೂ ಇದೇ ವಿಭಕ್ತಿ, ದ್ರೋಹಕ್ಕೂ ಇದೇ ವಿಭಕ್ತಿ. ಕನ್ನಡವೂ ಇದನ್ನೇ ಹಿಡಿದುಕೊಂಡಿದೆ: ಗೆಳೆಯನಿಗೆ ದ್ರೋಹ, ದೇಶಕ್ಕೆ ದ್ರೋಹ, ತಾಯಿಗೆ ದ್ರೋಹ. ಈ ‘ಗೆ’ ಮತ್ತು ‘ಕ್ಕೆ’ಗಳೇ ನಿಮ್ಮ ಪ್ರಶ್ನೆಗೆ ಕೀಲಿಕೈ. ದ್ರೋಹ ಎಂಬ ಪದ ಬರೆದಾಗ ‘ಯಾರಿಗೆ?’ ಎಂದು ಕೇಳಿನೋಡಿ. ಉತ್ತರವಾಗಿ ಬರುವವರಿಗೂ ದ್ರೋಹ ಮಾಡಿದವನಿಗೂ ನಡುವೆ ಮೊದಲೇ ಒಂದು ಕಟ್ಟು ಇರಬೇಕು: ಅನ್ನದ್ದೋ, ಆಣೆಯದ್ದೋ, ರಕ್ತದ್ದೋ, ಕಾಯ್ದುಕೊಡುತ್ತೇನೆ ಎಂಬ ಮಾತಿನದ್ದೋ. ಕಟ್ಟು ಇಲ್ಲದ ಕಡೆ ಕನ್ನಡದಲ್ಲಿ ದ್ರೋಹವಿಲ್ಲ. ದಾರಿಯಲ್ಲಿ ಸಿಕ್ಕ ಅಪರಿಚಿತ ನಿಮ್ಮ ಹಣ ಹೊಡೆದರೆ ಅದು ಮೋಸ, ಕಳವು, ವಂಚನೆ, ಏನು ಬೇಕಾದರೂ ಆಗಬಹುದು. ದ್ರೋಹವಾಗಲಾರದು.

ಕನ್ನಡ ಶಾಸನಗಳಲ್ಲಿ ಈ ಕಟ್ಟು ಎದ್ದು ಕಾಣುತ್ತದೆ. 1368ರ ಶ್ರವಣಬೆಳಗೊಳದ ಬುಕ್ಕರಾಯನ ಶಾಸನ ಜೈನರಿಗೂ ವೈಷ್ಣವರಿಗೂ ಇದ್ದ ಜಗಳವನ್ನು ತೀರ್ಮಾನಿಸಿದ್ದಕ್ಕೆ ಪ್ರಸಿದ್ಧ. ಅದರ ಕೊನೆಯಲ್ಲಿ, ಈ ಮರ್ಯಾದೆಯನ್ನು ಮೀರಿದವನು ರಾಜದ್ರೋಹಿ, ಸಂಘ ಸಮುದಾಯಕ್ಕೆ ದ್ರೋಹಿ ಎಂಬ ಮಾತಿದೆ. ಅಲ್ಲಿಯೂ ‘ಸಮುದಾಯಕ್ಕೆ’, ಚತುರ್ಥಿ. ಆರೂವರೆ ಶತಮಾನ ಕಳೆದರೂ ಆ ವಾಕ್ಯವನ್ನು ಇಂದಿನ ಪತ್ರಿಕೆಯಲ್ಲಿ ಅಚ್ಚು ಹಾಕಬಹುದು, ಒಂದಕ್ಷರ ತಿದ್ದಬೇಕಾಗಿಲ್ಲ. ಅದೇ ಶಾಸನದಲ್ಲಿ ಬುಕ್ಕನಿಗಿರುವ ಬಿರುದು ‘ಭಾಷೆಗೆ ತಪ್ಪುವ ರಾಯರ ಗಂಡ’. ಇಲ್ಲಿ ಭಾಷೆ ಎಂದರೆ ಕೊಟ್ಟ ಮಾತು. ಮಾತಿಗೆ ತಪ್ಪುವ ಅರಸರನ್ನು ಬಗ್ಗುಬಡಿಯುವವನು ಎಂದು ಅರ್ಥ. ಇದಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಈ ‘ತಪ್ಪು’ ಎಂಬ ಅಚ್ಚಗನ್ನಡ ಕ್ರಿಯಾಪದಕ್ಕೆ ನಾವು ಕೊಡಬೇಕಾದಷ್ಟು ಬೆಲೆ ಕೊಡುತ್ತಿಲ್ಲ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟ ಎಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಹಿಟ್ಟಿನಂತೆ ಬೀಸಿಹಾಕುವವನು! ಅವನ ಮಗ ಬೊಪ್ಪದೇವ ತಂದೆಯ ನೆನಪಿಗೆ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ‘ದ್ರೋಹಘರಟ್ಟ ಜಿನಾಲಯ’ ಎಂದೇ ಹೆಸರು. ಅಹಿಂಸೆಯ ದೇವರ ಮನೆಗೆ ಬೀಸುಕಲ್ಲಿನ ಹೆಸರು ಬಂದದ್ದು ನಮಗೆ ವಿಚಿತ್ರವೆನಿಸಬಹುದು, ಆ ಕಾಲದವರಿಗೆ ಅನಿಸಿರಲಿಕ್ಕಿಲ್ಲ. ಭಾಷೆಯ ದೃಷ್ಟಿಯಿಂದ ಇಲ್ಲೊಂದು ಸೂಕ್ಷ್ಮವಿದೆ. ಈ ಬಿರುದಿನಲ್ಲಿ ‘ದ್ರೋಹ’ ಎಂದರೆ ದ್ರೋಹದ ಕೆಲಸವಲ್ಲ, ದ್ರೋಹ ಮಾಡಿದ ಮನುಷ್ಯ. ‘ಸ್ವಾಮಿದ್ರೋಹರ ಗಂಡ’ ಎಂಬ ಬಿರುದಿನಲ್ಲೂ ಹಾಗೆಯೇ. ಹಳಗನ್ನಡದಲ್ಲಿ ದ್ರೋಹ, ದ್ರೋಹರ್ ಎಂದು ಆಳನ್ನೇ ಕರೆಯುತ್ತಿದ್ದರು, ‘ದ್ರೋಹಿ’ ಎಂಬ ರೂಪಕ್ಕೆ ಕಾಯಬೇಕಾಗಿರಲಿಲ್ಲ. ಹಳೆಯ ಪಠ್ಯ ಓದುವಾಗ ‘ದ್ರೋಹನಂ’ ಎಂಬಂಥ ರೂಪ ಸಿಕ್ಕರೆ ಅಚ್ಚಿನ ತಪ್ಪೆಂದು ತಿಳಿಯಬೇಡಿ.

ಒಂದು ಪದದ ತೂಕ ತಿಳಿಯಬೇಕಾದರೆ ಅದರ ಎದುರು ತಕ್ಕಡಿಯಲ್ಲಿ ಏನಿದೆ ಎಂದು ನೋಡಬೇಕು. ದ್ರೋಹದ ಎದುರು ಆ ಕಾಲದಲ್ಲಿ ಇದ್ದದ್ದು ‘ನಿಷ್ಠೆ’ ಎಂಬ ನಯವಾದ ಪದವಲ್ಲ. ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಗಟ್ಟಿ ಪದಗಳಿದ್ದವು. ಜೋಳವಾಳಿ (ಜೋಳದ ಪಾಳಿ) ಎಂದರೆ ಉಂಡ ಜೋಳದ ಋಣ. ಒಡೆಯ ಕೊಟ್ಟ ಕಾಳನ್ನು ಯುದ್ಧದಲ್ಲಿ ಪ್ರಾಣ ಕೊಟ್ಟು ತೀರಿಸುವುದು. ವೇಳೆವಾಳಿಯವನು ಒಡೆಯ ಸತ್ತಾಗ ತಾನೂ ಸಾಯುವ ಪ್ರತಿಜ್ಞೆ ಮಾಡಿದವನು. ಲೆಂಕ ಎಂದರೆ ಸೇವಕ, ಅವನ ವ್ರತ ಲೆಂಕವಾಳಿ. ಹೊಯ್ಸಳರಲ್ಲಿ ಇಂಥವರಿಗೆ ಗರುಡರೆಂಬ ಹೆಸರಿತ್ತು. ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ಹೆಂಡತಿಯೊಡನೆ, ತನ್ನ ಗರುಡರೊಡನೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬ ಹೇಳುತ್ತದೆ. ಒಂದೇ ಊರಿನಲ್ಲಿ ದ್ರೋಹಿಗಳನ್ನು ಬೀಸುವ ಹೆಸರಿನ ಬಸದಿ, ಒಡೆಯನ ಜತೆ ಸತ್ತವರ ಕಂಬ! ಸ್ವಾಮಿದ್ರೋಹ ಎಂಬ ಪದ ಅಷ್ಟು ಭಾರವಾಗಿರುವುದು ಇದಕ್ಕೇ. ಅದರ ವಿರುದ್ಧಪದಕ್ಕೆ ಜನ ತಲೆ ಕೊಟ್ಟಿದ್ದಾರೆ. ಇಂದಿನ ಕಚೇರಿಯ ರಾಜೀನಾಮೆಗೆ ಆ ಪದ ಅಂಟಿಸಿದರೆ ಓದುಗನಿಗೆ ನಗು ಬರುವುದೂ ಇದಕ್ಕೇ.

ಕಾವ್ಯಕ್ಕೆ ಬಂದರೆ, ಕನ್ನಡದಲ್ಲಿ ಈ ವಿಷಯದ ದೊಡ್ಡ ಪರೀಕ್ಷೆ ಕರ್ಣನದು. ಪಂಪನ ವಿಕ್ರಮಾರ್ಜುನ ವಿಜಯದಲ್ಲೂ (ಸುಮಾರು 941) ಕುಮಾರವ್ಯಾಸ ಭಾರತದಲ್ಲೂ ಕೃಷ್ಣ ಬಂದು ಜನ್ಮರಹಸ್ಯ ಹೇಳಿ ಕರ್ಣನನ್ನು ಪಾಂಡವರ ಕಡೆ ಕರೆಯುತ್ತಾನೆ. ಪಂಪನ ಕರ್ಣ ತತ್ತ್ವ ಹೇಳುವುದಿಲ್ಲ, ಒಂದು ಪ್ರಸಂಗ ನೆನಪಿಸಿಕೊಳ್ಳುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿಯೊಡನೆ ನೆತ್ತ (ಪಗಡೆ) ಆಡುವಾಗ ಅವಳು ಸೋತಳು, ಸೋತದ್ದನ್ನು ಕೊಡೆಂದು ಕಾಡುವಾಗ ಮುತ್ತಿನ ಹಾರ ಹರಿಯಿತು. ಅದನ್ನು ಕಂಡ ದುರ್ಯೋಧನ ಸಂಶಯಪಡಲಿಲ್ಲ, ಮುತ್ತುಗಳನ್ನು ಆಯಲೇ ಎಂದು ಕೇಳಿದ. ಅಂಥವನನ್ನು ಬಿಟ್ಟು ನಿಮ್ಮಲ್ಲಿ ಸೇರಿದರೆ ನಾನು ಬೇಡನೇ ಆಗುವುದಿಲ್ಲವೇ ಎನ್ನುತ್ತಾನೆ. ಇಡೀ ವಾದದಲ್ಲಿ ಭಾರ ಬಿದ್ದಿರುವುದು ದುರ್ಯೋಧನ ಇಟ್ಟ ನಂಬಿಕೆಯ ಮೇಲೆ, ಕೊಟ್ಟ ಅಂಗರಾಜ್ಯದ ಮೇಲಲ್ಲ. ದ್ರೋಹವನ್ನು ಬರೆಯಹೊರಟವರು ಇಲ್ಲಿ ಕಲಿಯಬೇಕಾದ ಕುಶಲತೆ ಒಂದಿದೆ. ಕಟ್ಟು ಎಷ್ಟು ಬಿಗಿಯಾಗಿತ್ತು ಎಂಬುದನ್ನು ಒಂದು ಸಣ್ಣ ಘಟನೆಯಲ್ಲಿ ತೋರಿಸಿದರೆ, ಅದನ್ನು ಬಿಚ್ಚುವುದು ಎಂಥದ್ದೆಂದು ಓದುಗನೇ ಅರಿತುಕೊಳ್ಳುತ್ತಾನೆ. ಪದ ಬೇಕಾಗುವುದಿಲ್ಲ.

ಕುಮಾರವ್ಯಾಸನ ಕರ್ಣ ಇನ್ನೂ ಮುಂದಕ್ಕೆ ಹೋಗುತ್ತಾನೆ. ‘ಮರುಳು ಮಾಧವ’ ಎಂದು ಶುರುವಾಗುವ ಆ ಪದ್ಯ ಬಹಳ ಮಂದಿಗೆ ಬಾಯಿಪಾಠ. ‘ಹೊರೆದ ದಾತಾರಂಗೆ’ ಹಗೆಗಳ ತಲೆ ಕತ್ತರಿಸಿ ಒಪ್ಪಿಸುತ್ತೇನೆಂಬ ಭರದಲ್ಲಿದ್ದೆ, ‘ಕೌರವೇಂದ್ರನ ಕೊಂದೆ ನೀನು’ ಎಂದು ಕೃಷ್ಣನಿಗೇ ಹೇಳುತ್ತಾನೆ. ಕರ್ಣ ಪಕ್ಷ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೂ ಕೌರವ ಸತ್ತಂತೆಯೇ ಎನ್ನುತ್ತಾನೆ. ಏಕೆ? ಎದುರಿಗಿರುವವರು ತಮ್ಮಂದಿರೆಂದು ತಿಳಿದ ಮೇಲೆ ಕೈ ಮೊದಲಿನಂತೆ ಏಳದು. ಮನಸ್ಸು ಎರಡಾಯಿತು. ಕಾಲು ಕದಲದಿದ್ದರೂ ಮನಸ್ಸು ಎರಡಾದರೆ ಸಾಕು, ಒಡೆಯನಿಗೆ ಕೇಡಾಗಿ ಹೋಯಿತು. ‘ಎರಡು ಬಗೆ’ ಎಂಬ ನಮ್ಮ ನುಡಿಗಟ್ಟಿನ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಯಾವ ನಿಘಂಟೂ ಹೇಳಲಾರದು.

ಈಗ ಅಚ್ಚಗನ್ನಡದ ಕಡೆಗೆ. ‘ಬಗೆ’ ಎಂದರೆ ಯೋಚಿಸು, ಮನಸ್ಸಿನಲ್ಲಿ ಎಣಿಸು. ನಾಮಪದವಾದರೆ ಮನಸ್ಸು ಎಂಬ ಅರ್ಥವೂ ಹಳಗನ್ನಡದಲ್ಲಿತ್ತು. ಕೇಡು ಬಗೆ, ಒಳಿತು ಬಗೆ ಎನ್ನುವಂತೆ ‘ಎರಡು ಬಗೆ’. ಬಾಯಲ್ಲಿ ಒಂದು, ಒಳಗೆ ಇನ್ನೊಂದು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತಿನಲ್ಲಿ ಅನ್ನದ ಋಣ, ಚತುರ್ಥೀ ವಿಭಕ್ತಿ, ಇಬ್ಬಗೆಯ ಮನಸ್ಸು ಮೂರೂ ನಾಲ್ಕೇ ಪದಗಳಲ್ಲಿ ಕೂತಿವೆ. ಇದರ ನೆರೆಯ ಗಾದೆಗಳು ಸ್ವಲ್ಪ ಬೇರೆ ಬೇರೆ ಕೆಲಸ ಮಾಡುತ್ತವೆ. ಉಂಡ ಮನೆಯ ಜಂತೆ ಎಣಿಸುವವನು ಇನ್ನೂ ಏನೂ ಮಾಡಿಲ್ಲ, ಕಣ್ಣು ಮೇಲೆ ಹೋಗಿದೆ ಅಷ್ಟೇ. ಉಂಡ ಮನೆಯ ಗಳ ಹಿರಿಯುವವನು ಕೆಲಸ ಮುಗಿಸಿದ್ದಾನೆ, ಚಾವಣಿಯೇ ಕುಸಿಯಿತು. ಹತ್ತಿದ ಏಣಿ ಒದೆಯುವವನು ಕೃತಘ್ನ, ಅವನಿಂದ ಮನೆ ಬೀಳುವುದಿಲ್ಲ. ಪಾತ್ರ ಯಾವ ಹಂತದಲ್ಲಿದೆ ಎಂದು ನೋಡಿ ಗಾದೆ ಆರಿಸಬೇಕು.

‘ತಪ್ಪು’ ಕ್ರಿಯಾಪದವೂ ಹೀಗೆಯೇ ಚತುರ್ಥಿ ಬೇಡುತ್ತದೆ: ಮಾತಿಗೆ ತಪ್ಪಿದ, ಭಾಷೆಗೆ ತಪ್ಪಿದ, ಆಣೆಗೆ ತಪ್ಪಿದ. ಹೋಗಬೇಡವೆಂದು ತಡೆಯುವ ಕರುವಿನ ಮುಂದೆ ಪುಣ್ಯಕೋಟಿ ಹೇಳುವುದು ‘ಕೊಟ್ಟ ಭಾಷೆಗೆ ತಪ್ಪಲಾರೆನು’ ಎಂದು. ಆದರೆ ತಪ್ಪುವುದಕ್ಕೂ ದ್ರೋಹಕ್ಕೂ ನಡುವೆ ಗೆರೆಯಿದೆ. ತಪ್ಪುವವನು ಹಿಡಿದದ್ದನ್ನು ಕೈಬಿಡುತ್ತಾನೆ. ಕೇಡು ಮಾಡುವ ಉದ್ದೇಶ ಅಲ್ಲಿ ಇರಲೇಬೇಕೆಂದಿಲ್ಲ. ಹೆದರಿಕೆ, ಅಸಹಾಯಕತೆ, ಮರೆವು ಏನಿದ್ದರೂ ಮಾತಿಗೆ ತಪ್ಪಬಹುದು. ದ್ರೋಹಕ್ಕೆ ಮಾತ್ರ ಆ ಹಳೆಯ ಜಿಘಾಂಸೆ ಬೇಕು. ಕಟ್ಟಿನ ಒಳಗೆ ನಿಂತು, ತಿಳಿದೂ ತಿಳಿದೂ ಕೇಡು ಮಾಡಬೇಕು. ಮಾತು ಉಳಿಸಿಕೊಳ್ಳುವ ಗುಣಕ್ಕೆ ಹಳಗನ್ನಡದಲ್ಲಿ ‘ನನ್ನಿ’ ಎಂಬ ಚೆಂದದ ಪದವಿತ್ತು. ಪಂಪ ಕರ್ಣನನ್ನು ನೆನೆಯುವಾಗ ‘ಕಡುನನ್ನಿ’ ಎಂದೇ ಹೊಗಳುತ್ತಾನೆ. ಬಳಕೆ ತಪ್ಪಿಹೋದದ್ದು ನಷ್ಟ.

ವಚನಕಾರರು ಗುರುದ್ರೋಹ, ಲಿಂಗದ್ರೋಹ, ಜಂಗಮದ್ರೋಹ ಎಂಬ ಪದಗಳನ್ನು ಧಾರಾಳವಾಗಿ ಬಳಸಿದ್ದಾರೆ. ರಾಜ ಇದ್ದ ಜಾಗಕ್ಕೆ ಗುರು, ಲಿಂಗ, ಜಂಗಮ ಬಂದರು. ಆದರೆ ದ್ರೋಹದ ಭೀಕರತೆಯನ್ನು ಅತ್ಯಂತ ಚೆನ್ನಾಗಿ ಹೇಳಿದ ಬಸವಣ್ಣನ ವಚನದಲ್ಲಿ ಆ ಪದವೇ ಇಲ್ಲ. ಒಲೆ ಹತ್ತಿ ಉರಿದರೆ ನಿಲ್ಲಬಹುದು, ಧರೆ ಹತ್ತಿ ಉರಿದರೆ ನಿಲ್ಲಲಾಗದು ಎಂದು ಶುರುವಾಗಿ ‘ಏರಿ ನೀರುಂಬಡೆ, ಬೇಲಿ ಕೆಯ್ಯ ಮೇವಡೆ’ ಎಂದು ಮುಂದುವರಿದು, ತಾಯ ಮೊಲೆಹಾಲೇ ನಂಜಾಗಿ ಕೊಂದರೆ ‘ಇನ್ನಾರಿಗೆ ದೂರುವೆ’ ಎಂದು ಮುಗಿಯುತ್ತದೆ. ಏರಿ ಇರುವುದೇ ನೀರು ಕಾಯಲು, ಬೇಲಿ ಇರುವುದೇ ಬೆಳೆ ಕಾಯಲು. ಕಾಯುವುದೇ ಕೊಲ್ಲತೊಡಗಿದಾಗ ದೂರು ಹೇಳಲು ಜಾಗವಿಲ್ಲ. ಶತ್ರುವಿನ ಪೆಟ್ಟಿಗೂ ದ್ರೋಹಕ್ಕೂ ಇರುವ ವ್ಯತ್ಯಾಸ ಇಷ್ಟೇ: ಶತ್ರು ಹೊಡೆದರೆ ಓಡಿಹೋಗಿ ಸೇರಿಕೊಳ್ಳಲು ಒಂದು ಮನೆಯಿರುತ್ತದೆ.

ಇನ್ನು ನೀವು ಕೇಳಿದ ಇತರ ಪದಗಳು. ಸಂಸ್ಕೃತದ ಒಂದು ಸುಭಾಷಿತ ‘ಮಿತ್ರದ್ರೋಹೀ ಕೃತಘ್ನಶ್ಚ ಯಶ್ಚ ವಿಶ್ವಾಸಘಾತಕಃ’ ಎಂದು ಮೂವರನ್ನು ಬೇರೆ ಬೇರೆಯಾಗಿ ಎಣಿಸಿ, ಸೂರ್ಯಚಂದ್ರರಿರುವ ತನಕ ಇವರಿಗೆ ನರಕ ಎನ್ನುತ್ತದೆ. ವಿಕ್ರಮಾದಿತ್ಯನ ಸಿಂಹಾಸನದ ಕಥೆಗಳಲ್ಲಿ ಇದಕ್ಕೊಂದು ಸ್ವಾರಸ್ಯದ ಸಂದರ್ಭವಿದೆ. ಹುಲಿಗೆ ಹೆದರಿ ಮರ ಹತ್ತಿದ ರಾಜಕುಮಾರನಿಗೆ ಅಲ್ಲಿದ್ದ ಕರಡಿ ಆಸರೆ ಕೊಡುತ್ತದೆ, ಅವನು ಮಲಗಿದಾಗ ಕಾಯುತ್ತದೆ. ಕರಡಿ ಮಲಗಿದಾಗ ರಾಜಕುಮಾರ ಅದನ್ನು ಕೆಳಗೆ ತಳ್ಳುತ್ತಾನೆ. ಬದುಕಿಕೊಂಡ ಕರಡಿಯ ಶಾಪದಿಂದ ಅವನಿಗೆ ಮಾತು ಹೋಗಿ ‘ಸ ಸೇ ಮಿ ರಾ’ ಎಂಬ ನಾಲ್ಕಕ್ಷರ ಮಾತ್ರ ಉಳಿಯುತ್ತದೆ. ಆ ಅಕ್ಷರಗಳಿಂದ ಶುರುವಾಗುವ ನಾಲ್ಕು ಶ್ಲೋಕ ಹೇಳಿದಂತೆಲ್ಲ ಒಂದೊಂದೇ ಅಕ್ಷರ ಕಳಚಿ ಬುದ್ಧಿ ಮರಳುತ್ತದೆ. ಮೂರನೆಯ ‘ಮಿ’ಯೇ ಈ ಮಿತ್ರದ್ರೋಹಿಯ ಶ್ಲೋಕ. ‘ಏನು ಹೇಳಿದರೂ ಸಸೇಮಿರಾ ಒಪ್ಪಲಿಲ್ಲ’ ಎಂದು ನಾವು ಆಡುವ ಮಾತಿನಲ್ಲಿ, ಹಿಡಿದದ್ದನ್ನೇ ಹಿಡಿದ ಆ ದ್ರೋಹಿಯ ಪ್ರಲಾಪ ಉಳಿದುಕೊಂಡಿದೆ.

ಮೂವರಲ್ಲಿ ಕೃತಘ್ನ ಎಂದರೆ ಮಾಡಿದ ಉಪಕಾರವನ್ನು (ಕೃತ) ಕೊಲ್ಲುವವನು (ಘ್ನ). ಅವನು ಎದುರು ಕೇಡು ಮಾಡಬೇಕಾಗಿಲ್ಲ, ನೆನಪಿಟ್ಟುಕೊಳ್ಳದಿದ್ದರೆ ಸಾಕು. ಇಲ್ಲೊಂದು ಅಪಾಯದ ಅಕ್ಷರವಿದೆ. ಕೃತಜ್ಞ ಎಂದರೆ ಉಪಕಾರ ಬಲ್ಲವನು, ಜ-ಕ್ಕೆ ಞ ಒತ್ತು. ಕೃತಘ್ನ ಎಂದರೆ ತದ್ವಿರುದ್ಧ, ಘ-ಕ್ಕೆ ನ ಒತ್ತು. ವಂದನಾರ್ಪಣೆಯಲ್ಲಿ ‘ತಮಗೆಲ್ಲ ಕೃತಘ್ನತೆಗಳು’ ಎಂದುಬಿಡುವವರಿದ್ದಾರೆ, ಸಭಿಕರಲ್ಲಿ ಅರ್ಧಕ್ಕರ್ಧ ಜನ ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ. ಬರಹದಲ್ಲಾದರೂ ಎರಡು ಬಾರಿ ನೋಡಿ.

ವಿಶ್ವಾಸಘಾತ ಎಂದರೆ ನಂಬಿಕೆಯನ್ನೇ ಹೊಡೆದು ಕೊಲ್ಲುವುದು. ಮಿತ್ರದ್ರೋಹದಲ್ಲಿ ಪೆಟ್ಟು ಬೀಳುವುದು ಮನುಷ್ಯನಿಗೆ, ಇಲ್ಲಿ ನಂಬಿಕೆಗೆ. ಕನ್ನಡದಲ್ಲಿ ಇನ್ನೊಂದು ಪದರ ಸೇರಿದೆ. ಸಂಸ್ಕೃತದಲ್ಲಿ ವಿಶ್ವಾಸ ನಂಬಿಕೆಯಾದರೆ, ಕನ್ನಡದಲ್ಲಿ ಅದು ಅಕ್ಕರೆ, ಸಲಿಗೆಯ ಒಡನಾಟವೂ ಹೌದು (‘ತುಂಬಾ ವಿಶ್ವಾಸದ ಜನ’ ಎನ್ನುತ್ತೇವಲ್ಲ). ಆದ್ದರಿಂದ ಕನ್ನಡದ ವಿಶ್ವಾಸದ್ರೋಹದಲ್ಲಿ ಲೆಕ್ಕಾಚಾರದ ನಂಬಿಕೆಗಿಂತ ಸ್ನೇಹ ಮುರಿದ ನೋವು ಹೆಚ್ಚು. ವ್ಯವಹಾರದ ಸಂದರ್ಭಕ್ಕೆ ‘ನಂಬಿಕೆ ದ್ರೋಹ’, ಒಡನಾಟದ ಸಂದರ್ಭಕ್ಕೆ ‘ವಿಶ್ವಾಸದ್ರೋಹ’ ಹೊಂದುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೋಸ, ವಂಚನೆ ಇವಕ್ಕೆ ಕಟ್ಟು ಬೇಕಿಲ್ಲ ಎಂದೆನಲ್ಲ, ಅಷ್ಟೇ ಸಾಕು. ಪಾರಸಿಯಿಂದ ಬಂದ ‘ದಗಾ’ ಕೂಡ ಅದೇ ಗುಂಪಿನದು. ‘ನಮಕ್ ಹರಾಮ್’ ಮಾತ್ರ ಜೋಳವಾಳಿಯ ಉಲ್ಟಾ, ಕಾಳಿನ ಬದಲು ಉಪ್ಪು. ಪಿತೂರಿ ಎಂದರೆ ಕೂಡಿ ಮಾಡುವ ಒಳಸಂಚು. ಒಬ್ಬನೇ ದ್ರೋಹಿಯಾಗಬಹುದು, ಒಬ್ಬನೇ ಪಿತೂರಿ ಮಾಡಲಾರ. ಬಂಡಾಯ, ದಂಗೆ ಬಹಿರಂಗವಾಗಿ ಎದ್ದು ನಿಲ್ಲುವುದು, ದ್ರೋಹ ಒಳಗೇ ಕೂತು ಮಾಡುವುದು. ಬಂಡಾಯಕ್ಕೆ ಗೌರವದ ಅರ್ಥವೂ ಇದೆ, 1979ರಲ್ಲಿ ಕನ್ನಡ ಲೇಖಕರು ಒಂದು ಚಳವಳಿಗೇ ಆ ಹೆಸರಿಟ್ಟುಕೊಂಡರು. ದ್ರೋಹಕ್ಕೆ ಅಂಥ ಬಡ್ತಿ ಯಾವ ಕಾಲದಲ್ಲೂ ಸಿಕ್ಕಿಲ್ಲ. ಅದನ್ನು ಎದುರಿನವನಿಗೆ ಅಂಟಿಸಬಹುದು, ತನಗೆ ತಾನೇ ಹೆಮ್ಮೆಯಿಂದ ಹಚ್ಚಿಕೊಂಡವರಿಲ್ಲ.

ದಾಂಪತ್ಯದ ವಿಷಯದಲ್ಲಿ ಹಳೆಯ ಕಾವ್ಯ ಬೇರೆ ದಾರಿ ಹಿಡಿದಿದೆ. ಜನ್ನನ ಯಶೋಧರ ಚರಿತೆಯಲ್ಲಿ (1209) ರಾಣಿ ಅಮೃತಮತಿ ಮಾವುತನಿಗೆ ಒಲಿಯುತ್ತಾಳೆ. ಕವಿ ಅದನ್ನು ‘ಮನಸಿಜನ ಮಾಯೆ ವಿಧಿವಿಳಸನದ ನೆರಂಬಡೆಯೆ’ (ಕಾಮನ ಮಾಯೆ ವಿಧಿಯಾಟದ ನೆರವು ಪಡೆದರೆ) ಮನುಷ್ಯರನ್ನು ಕೊಂದು ಕೂಗುತ್ತದೆ ಎಂದು ಕಾಮಕ್ಕೂ ವಿಧಿಗೂ ಸೇರಿಸಿ ಹೇಳುತ್ತಾನೆ. ‘ದಾಂಪತ್ಯದ್ರೋಹ’ ಇತ್ತೀಚಿನ ಗದ್ಯದ ಪದ. ಅದು ಆರೋಪಪಟ್ಟಿಯಂತೆ ಕೇಳುತ್ತದೆ, ಕಥೆಯ ನಿರೂಪಕನ ಬಾಯಲ್ಲಿ ಹುಷಾರಾಗಿ ಇಡಬೇಕು.

ಕಾನೂನಿನ ಬಳಕೆ ಬೇರೆ, ಬರೆಯುವವರು ಇದನ್ನು ಬೆರೆಸಬಾರದು. ಭಾರತೀಯ ದಂಡ ಸಂಹಿತೆಗೆ 1870ರಲ್ಲಿ ಸೇರಿದ 124ಎ ಕಲಮನ್ನು ಕನ್ನಡದಲ್ಲಿ ‘ರಾಜದ್ರೋಹ’ ಎನ್ನುತ್ತಿದ್ದರು. ಅದು ಸರ್ಕಾರದ ವಿರುದ್ಧ ದ್ವೇಷ, ಅಸಮಾಧಾನ ಕೆರಳಿಸುವ ಅಪರಾಧ. ಪತ್ರಿಕೆಗಳು ಅದನ್ನೇ ‘ದೇಶದ್ರೋಹ’ ಎಂದು ಬರೆದು ಸರ್ಕಾರವನ್ನೂ ದೇಶವನ್ನೂ ಒಂದು ಮಾಡಿದವು. 2022ರ ಮೇ 11ರಂದು ಸುಪ್ರೀಂ ಕೋರ್ಟ್ ಆ ಕಲಮಿನ ಬಳಕೆಯನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹೆಸರಿಲ್ಲ, ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಕೃತ್ಯಗಳ ಬಗ್ಗೆ 152ನೆಯ ಕಲಮು ಇದೆ. ಹಾಗೆಯೇ, ಶಾಸಕ ಪಕ್ಷ ಬದಲಿಸಿದರೆ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಮಟ್ಟಿಗೆ ಅದು ‘ಪಕ್ಷಾಂತರ’. ‘ಪಕ್ಷದ್ರೋಹ’ ಎನ್ನುವುದು ಬಿಟ್ಟುಹೋದ ಪಕ್ಷದವರ ಬೈಗುಳ. ವರದಿಯಲ್ಲಿ ಮೊದಲನೆಯದು, ಭಾಷಣದಲ್ಲಿ ಎರಡನೆಯದು.

ಕಾನೂನು ನಮ್ಮ ಪದವನ್ನು ನಿಖರವಾಗಿ ಹಿಡಿದಿರುವ ಜಾಗವೂ ಒಂದಿದೆ. ಮೊದಲಿನಿಂದಲೇ ಮೋಸದ ಉದ್ದೇಶದಿಂದ ನಂಬಿಸಿ ಹಣ ಕಿತ್ತರೆ ಅದು ವಂಚನೆ (ಹಳೆಯ 420, ಈಗ 318). ನಂಬಿ ಒಪ್ಪಿಸಿದ ಸೊತ್ತನ್ನು ನ್ಯಾಯವಾಗಿ ಪಡೆದು ಆಮೇಲೆ ಅಪ್ರಾಮಾಣಿಕವಾಗಿ ನುಂಗಿದರೆ ನಂಬಿಕೆ ದ್ರೋಹ (ಹಳೆಯ 405ರಿಂದ 409, ಈಗ 316). ಕಟ್ಟು ಮೊದಲು, ಕೇಡು ಆಮೇಲೆ: ದ್ರೋಹದ ಕ್ರಮವೇ ಇದು.

ಬರೆಯುವಾಗ ಆಗುವ ವ್ಯಾಕರಣದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ‘ಅವನು ನನ್ನನ್ನು ದ್ರೋಹ ಮಾಡಿದ’ ಸಲ್ಲದು, ‘ನನಗೆ’ ಆಗಬೇಕು. ‘ವಂಚಿಸು’ ಮಾತ್ರ ದ್ವಿತೀಯೆ ಹಿಡಿಯುತ್ತದೆ (ನನ್ನನ್ನು ವಂಚಿಸಿದ), ಅದರ ಸಹವಾಸದಿಂದಲೇ ಈ ತಪ್ಪು ನುಸುಳುತ್ತದೆ. ‘ದ್ರೋಹಿಸು’ ಎಂಬ ರೂಪ ಅಪರೂಪ. ದ್ರೋಹ ಮಾಡು, ದ್ರೋಹ ಬಗೆ, ದ್ರೋಹ ಎಸಗು ಇವು ಸಹಜ. ಇವುಗಳಲ್ಲಿ ‘ಬಗೆ’ ಮನಸ್ಸಿನದು, ‘ಮಾಡು’ ಕೈಯದು. ಸಮಾಸದಲ್ಲಿ ಮೊದಲ ಪದ ಪೆಟ್ಟು ತಿಂದವರದು. ಮಿತ್ರದ್ರೋಹ ಎಂದರೆ ಮಿತ್ರನಿಗೆ ಮಾಡಿದ ದ್ರೋಹವೇ ಹೊರತು ಮಿತ್ರ ಮಾಡಿದ್ದಲ್ಲ. ಮಾಡಿದವನನ್ನು ಹೇಳಬೇಕಾದರೆ ಬಿಡಿಸಿ, ಷಷ್ಠಿಯಲ್ಲಿ ‘ಗೆಳೆಯನ ದ್ರೋಹ’ ಎನ್ನಿ. ‘ಗುರುದ್ರೋಹದಿಂದ ನೊಂದ ಶಿಷ್ಯ’ ಎಂದು ಬರೆದರೆ, ಗುರುವಿಗೆ ಕೇಡು ಮಾಡಿ ಪಶ್ಚಾತ್ತಾಪ ಪಟ್ಟವನು ಎಂದಾಗುತ್ತದೆ. ನಾಡದ್ರೋಹ, ನಂಬಿಕೆದ್ರೋಹ ಮುಂತಾದವು ಕನ್ನಡ-ಸಂಸ್ಕೃತ ಬೆರೆತ ಅರಿಸಮಾಸಗಳು. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಇವನ್ನು ಬಿರುದುಗಳಲ್ಲೂ ಪೂರ್ವಕವಿಗಳ ಬಳಕೆಯಲ್ಲೂ ಒಪ್ಪಿದ್ದಾನೆ, ಇಂದಿನ ಕನ್ನಡ ಅಷ್ಟು ಮಡಿ ಮಾಡುವುದಿಲ್ಲ, ಧೈರ್ಯವಾಗಿ ಬಳಸಿ. ಕೊನೆಯದಾಗಿ, ನಿಷ್ಠೆಗೆ ಠ. ನಿಷ್ಠೆಯಿಲ್ಲದ್ದನ್ನು ‘ಅನಿಷ್ಠೆ’ ಎಂದು ಬರೆಯಹೋಗಿ ‘ಅನಿಷ್ಟ’ ಎಂದು ಅಚ್ಚಾದರೆ ಪಾತ್ರ ಅಪಶಕುನದ ಮನುಷ್ಯನಾಗಿಬಿಡುತ್ತಾನೆ.

ಈಗ ನಿಮ್ಮ ಗುಮಾಸ್ತ. ಧಣಿಗೂ ಅವನಿಗೂ ಇಪ್ಪತ್ತು ವರ್ಷದ ಕಟ್ಟು ಇದೆ, ಆದ್ದರಿಂದ ಅರ್ಧ ಶರತ್ತು ಪೂರೈಸಿದೆ. ಉಳಿದರ್ಧ ಅವನು ಬರಿಗೈಯಲ್ಲಿ ಹೋದನೇ ಎಂಬುದರ ಮೇಲೆ ನಿಂತಿದೆ. ಹೆಚ್ಚು ಸಂಬಳಕ್ಕೆ ಹೋದ, ಅಷ್ಟೇ ಎಂದಾದರೆ ನಿಮ್ಮ ಓದುಗರು ಹೇಳಿದ್ದೇ ಸರಿ, ‘ನಿಷ್ಠೆ ತಪ್ಪಿದ’ ಎನ್ನುವುದೂ ಧಣಿಯ ಕಣ್ಣಿನ ಮಾತು. ಕಷ್ಟಕಾಲದಲ್ಲಿ ಕೈಹಿಡಿದ ಧಣಿಯನ್ನು ತಿರುಗಿಯೂ ನೋಡದೆ ಹೋದನೆಂದರೆ ಕೃತಘ್ನ. ಗಿರಾಕಿಗಳ ಪಟ್ಟಿ, ಸಾಲದ ಲೆಕ್ಕ, ಸರಕಿನ ಗುಟ್ಟು ಎದುರಾಳಿಗೆ ಒಪ್ಪಿಸಿದನೆಂದರೆ ಅದು ದ್ರೋಹ, ಯಾವ ಅನುಮಾನವೂ ಬೇಡ. ಹೋಗುವ ಮುನ್ನ ಗಲ್ಲಾಪೆಟ್ಟಿಗೆಗೂ ಕೈ ಹಾಕಿದ್ದರೆ ಗುಮಾಸ್ತರ, ನೌಕರರ ನಂಬಿಕೆ ದ್ರೋಹಕ್ಕೆಂದೇ ಪ್ರತ್ಯೇಕ ಉಪಕಲಮು ಇದೆ, ಏಳು ವರ್ಷದವರೆಗೆ ಶಿಕ್ಷೆ. ಇನ್ನೊಂದು ಸಾಧ್ಯತೆ, ನನಗೆ ಇಷ್ಟವಾದದ್ದು: ಅವನು ಮೇಜು ಬಿಟ್ಟು ಕದಲಿಯೇ ಇಲ್ಲ, ಧಣಿಯ ಲೆಕ್ಕವನ್ನೇ ಬರೆಯುತ್ತಿದ್ದಾನೆ, ಆದರೆ ಪ್ರತಿ ಸಂಜೆ ಎದುರು ಮಂಡಿಯ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ನೋಡಿಕೊಳ್ಳುತ್ತಾನೆ. ಅವನಿಗೆ ‘ಎರಡು ಬಗೆದ’ ಎಂಬುದೇ ಪದ.